ರೋಮಿನ ದೇವಿಗೆ ಅತ್ತೆಯ ಕುಂಕುಮ

ಅತ್ತೆ ಅಮೆರಿಕಕ್ಕೆ ಬಂದ ಮೂರನೆಯ ದಿನ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ನನ್ನ ಆಫೀಸಿಗೆ ಫೋನ್ ಮಾಡಿ, ಪಕ್ಕದ ಮನೆಯ ಕಿಟಕಿಯಲ್ಲಿ ತಲೆಯಿಲ್ಲದ ಹೆಂಗಸೊಬ್ಬಳು ನಿಂತಿದ್ದಾಳೆ ಎಂದರು. ನಾನು ಆಗ ಬಾಥೆಲ್ ಊರಿನ ಕ್ಯಾನ್ಯನ್ ಪಾರ್ಕ್ ಬಡಾವಣೆಯಲ್ಲಿ, ಹೊಟ್ಟೆಯ ಸ್ಕ್ಯಾನ್ ಮಾಡುವ ಯಂತ್ರಗಳನ್ನು ಪರೀಕ್ಷಿಸುವ ನನ್ನ ಮೇಜಿನ ಮುಂದೆ, ಎರಡೂ ಕೈಗೆ ಜೆಲ್ ಮೆತ್ತಿಕೊಂಡು ಕೂತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಅವಳು ಅಲ್ಲಾಡುತ್ತಿದ್ದಾಳೆಯೇ ಎಂದು ಕೇಳಿದೆ.

"ಇಲ್ಲ ಕಣವ್ವ," ಎಂದರು ಅತ್ತೆ. "ಸುಮ್ನೆ ನಿಂತವ್ಳೆ. ಸೆರಗು ಹೊದ್ಕಂಡು ಮರ್ವಾದೆಯಾಗೇ ನಿಂತವ್ಳೆ. ತಲೆ ಒಂದಿಲ್ಲ ಅಷ್ಟೆ."

ನಮ್ಮ ಅತ್ತೆ ನಾಗಮಂಗಲದ ಕಡೆಯವರು. ಎಷ್ಟೇ ಗಾಬರಿಯಾದರೂ ದನಿ ಏರಿಸುವವರಲ್ಲ. ವಿಮಾನದ ಊಟ ಒಗ್ಗುವುದಿಲ್ಲವೆಂದು ಹಟ ಹಿಡಿದ ಮಾವನವರನ್ನು ಮಂಡ್ಯದಲ್ಲಿ ಕಿರಿಮಗನ ಮನೆಯಲ್ಲಿ ಬಿಟ್ಟು, ಗೊತ್ತಿಲ್ಲದ ಎರಡು ವಿಮಾನ ನಿಲ್ದಾಣಗಳಲ್ಲಿ ಗೊತ್ತಿಲ್ಲದವರ ಕೈಯಲ್ಲಿ ದಾರಿ ಕೇಳಿಕೊಂಡು ಒಬ್ಬರೇ ಬಂದಿದ್ದರು. ಅಂಥವರು ಫೋನ್ ಮಾಡಿದ್ದಾರೆಂದರೆ ಏನೋ ಇರಲೇಬೇಕು. ಓವರ್‌ಲೇಕಿನ ತನ್ನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದ ನನ್ನ ಗಂಡನಿಗೆ ವಿಷಯ ತಿಳಿಸಿದೆ. ಬಟ್ಟೆ ಅಂಗಡಿಯ ಬೊಂಬೆ ಇರಬೇಕು, ಅಮ್ಮನಿಗೆ ಇನ್ನೂ ನಿದ್ದೆ ಸರಿಹೋಗಿಲ್ಲ ಎಂದು ಅವನು ಮೀಟಿಂಗಿಗೆ ವಾಪಸ್ ಹೋದ.

ಸಂಜೆ ಸ್ನೊಕ್ವಾಲ್ಮಿಯ ನಮ್ಮ ಮನೆಗೆ ಬಂದು ನೋಡಿದೆ. ನಮ್ಮ ಗುಡ್ಡದ ಮೇಲಿನ ಮನೆಗಳು ಎಷ್ಟು ಹತ್ತಿರ ಹತ್ತಿರವೆಂದರೆ, ನಮ್ಮ ಊಟದ ಮೇಜಿನಿಂದ ಪಕ್ಕದ ಮನೆಯವರ ಹಾಲ್ ಪೂರ್ತಿ ಕಾಣಬೇಕು. ಆದರೆ ಆ ಕಿಟಕಿಗೆ ಆರು ವರ್ಷದಿಂದಲೂ ದಪ್ಪ ಪರದೆ. ಅಲ್ಲಿದ್ದವರು ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು, ಒಂಟಿ ಮನುಷ್ಯ. ಕಸದ ಡಬ್ಬ ಹೊರಗಿಡುವಾಗ ಕೈಯೆತ್ತುವುದು, ಹಿಮ ಬಿದ್ದರೆ ನಮ್ಮ ಕಾಲುದಾರಿಯನ್ನೂ ಸೇರಿಸಿ ಗುಡಿಸಿಬಿಡುವುದು, ಇಷ್ಟೇ ನಮ್ಮ ಪರಿಚಯ. ಅವತ್ತು ಪರದೆ ಇರಲಿಲ್ಲ. ಕಿಟಕಿಯ ಹಿಂದೆ, ಹತ್ತು ವರ್ಷದ ಹುಡುಗಿಯ ಎತ್ತರದ ಬಿಳಿ ಕಲ್ಲಿನ ಹೆಂಗಸೊಬ್ಬಳು ನಿಂತಿದ್ದಳು. ಕತ್ತಿನಿಂದ ಮೇಲೆ ಏನೂ ಇರಲಿಲ್ಲ. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಮಿಕ್ಕಿದ್ದೆಲ್ಲ ಇತ್ತು, ನೆರಿಗೆ ನೆರಿಗೆಯಾಗಿ ಬಿದ್ದ ಬಟ್ಟೆ ಸಮೇತ.

ಮಾರನೆಯ ದಿನ ಶನಿವಾರ. ನಾನು ಕಿಟಕಿಯಿಂದ ಇಣುಕುತ್ತಿದ್ದುದನ್ನು ಡಾಕ್ಟರು ಕಂಡಿದ್ದರೆಂದು ತೋರುತ್ತದೆ, ಬೆಳಿಗ್ಗೆಯೇ ಬಂದು ಬಾಗಿಲು ತಟ್ಟಿ, ನಿಮ್ಮ ಮನೆಗೆ ಬಂದಿರುವ ಹಿರಿಯರಿಗೆ ನಮ್ಮ ದೇವಿಯಿಂದ ಭಯವಾಗಿದ್ದರೆ ಕ್ಷಮಿಸಿ ಎಂದರು. ಅವರು ಮನೆ ಖಾಲಿ ಮಾಡುತ್ತಿದ್ದರು. ಎಪ್ಪತ್ತೆಂಟು ವಯಸ್ಸು. ಮೊಣಕಾಲಿಗೆ ಮಹಡಿ ಹತ್ತಲಾಗುತ್ತಿರಲಿಲ್ಲ. ಇಸಕ್ವಾದಲ್ಲಿ ಮಗಳ ಮನೆಯ ಹತ್ತಿರ, ವಯಸ್ಸಾದವರಿಗೆಂದೇ ಕಟ್ಟಿದ ಅಪಾರ್ಟ್‌ಮೆಂಟಿಗೆ ಹೋಗುವವರಿದ್ದರು. ಅದಕ್ಕೇ ಪರದೆಗಳನ್ನು ತೆಗೆದು ಒಗೆಯಲು ಹಾಕಿದ್ದರು. ಚಹಾಕ್ಕೆ ಬನ್ನಿ, ದೇವಿಯನ್ನು ಹತ್ತಿರದಿಂದ ನೋಡಿದರೆ ಹೆದರಿಕೆ ಹೋಗುತ್ತದೆ ಎಂದು ಕರೆದರು.

ಅತ್ತೆ ಹೊಸ ಸ್ವೆಟರಿನ ಮೇಲೆ ಹೊಸ ಸೀರೆಯ ಸೆರಗು ಹೊದ್ದು ಹೊರಟರು. ದೇವಿಯ ಸುತ್ತ ಒಂದು ಸುತ್ತು ಬಂದರು. ಹಿಂದೆ ನಿಂತು ನೆರಿಗೆಗಳನ್ನು ನೋಡಿದರು. ಆಮೇಲೆ ಸೋಫಾದ ಮೇಲೆ ಕೂತು, ಚಹಾ ಮುಟ್ಟದೆ, ನನ್ನ ಕಡೆ ತಿರುಗಿ ಗಂಭೀರವಾಗಿ ಒಂದಿಷ್ಟು ಮಾತಾಡಿದರು. ಭಿನ್ನವಾದ ಮೂರ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಇಟ್ಟುಕೊಂಡ ಮನೆಯಲ್ಲಿ ಗಂಡ ಹೆಂಡತಿ ನೆಟ್ಟಗಿರುವುದಿಲ್ಲ, ಹರಿಯುವ ನೀರಿಗೆ ಬಿಟ್ಟುಬಿಡಬೇಕು, ಇಲ್ಲೇ ಕೆಳಗೆ ಅಷ್ಟು ದೊಡ್ಡ ಹೊಳೆ ಹರಿಯುತ್ತಿದೆಯಲ್ಲ, ಇವರಿಗೆ ಹೇಳುವವರು ಯಾರೂ ಇಲ್ಲವೇ ಎಂಬುದು ಅವರ ಮಾತಿನ ಸಾರ.

ಡಾಕ್ಟರು ನನ್ನ ಮುಖ ನೋಡಿದರು. ಬಹಳ ಸುಂದರವಾಗಿದೆ ಅಂತಿದ್ದಾರೆ ಎಂದೆ.

"ಸುಂದರ ಅನ್ನೋದಕ್ಕೆ ನಿಮ್ಮ ಭಾಷೇಲಿ ಇಷ್ಟು ಹೊತ್ತು ಬೇಕಾ?" ಎಂದು ಕೇಳಿದರು ಅವರು.

ನನಗೆ ಸುಳ್ಳು ಹೇಳುವುದು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಾಗುತ್ತದೆ. ಪೂರ್ತಿ ಅನುವಾದಿಸಿದೆ, ಹೊಳೆಯೂ ಸೇರಿದಂತೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಗಂಡ ಹೆಂಡತಿ ನೆಟ್ಟಗಿರುವುದಿಲ್ಲ ಎಂಬ ಮಾತನ್ನು ಮಾತ್ರ ಇನ್ನೊಂದು ಸಲ ಹೇಳಿಸಿಕೊಂಡರು. ಆಮೇಲೆ ತಮ್ಮ ಕಥೆ ಹೇಳಿದರು.

ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಹಳೆಯ ಕಲ್ಲಿನ ಹುಚ್ಚು. ಹೆಂಡತಿ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುವ ಟೀಚರು. ನ್ಯೂಯಾರ್ಕಿನ ವ್ಯಾಪಾರಿಯೊಬ್ಬನಿಂದ ಡಾಕ್ಟರು ಈ ಮೈಯನ್ನು ಕೊಂಡು ತಂದರು. ರೋಮಿನವರು ಕೆತ್ತಿದ್ದು, ಸಾವಿರದ ಎಂಟುನೂರು ವರ್ಷಕ್ಕೆ ಕಡಿಮೆಯಿಲ್ಲ, ಕಾಗದಪತ್ರವೆಲ್ಲ ಸರಿಯಾಗಿತ್ತು. ಏಳು ವರ್ಷದ ಮೇಲೆ ಟೀಚರು ರಜೆಯಲ್ಲಿ ಲಂಡನ್ನಿಗೆ ಹೋದವರು ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಅಮೃತಶಿಲೆಯ ತಲೆ ನೋಡಿದರು. ಅದೇ ಬಿಳುಪು, ಅದೇ ಅಳತೆ. ನಮ್ಮ ದೇವಿಯ ತಲೆ ಸಿಕ್ಕಿತು ಎಂದು ಅಲ್ಲಿಂದಲೇ ಫೋನ್ ಮಾಡಿ ಅತ್ತುಬಿಟ್ಟರಂತೆ. ಡಾಕ್ಟರು ಹಲ್ಲಿಗೆ ಹಾಕುವ ಗಾರೆ ಮತ್ತು ಉಕ್ಕಿನ ಕಡ್ಡಿಯಿಂದ ತಲೆಯನ್ನು ಮೈಗೆ ಕೂರಿಸಿದರು. ಮೂಗಿನ ತುದಿ ಮುರಿದಿತ್ತು. ಹಲ್ಲಿನ ಬಣ್ಣಗಳ ಪಟ್ಟಿಯನ್ನು ಹಿಡಿದು ನೋಡಿ, ಹೊಂದುವ ಬಣ್ಣದ ಪಿಂಗಾಣಿಯಲ್ಲಿ ಒಂದು ಮೂಗನ್ನೂ ಮಾಡಿ ಅಂಟಿಸಿದರು. ಬೆಲ್‌ವ್ಯೂನ ಅವರ ಮನೆಯ ಹಾಲಿನಲ್ಲಿ ದೇವಿ ಇಪ್ಪತ್ತಮೂರು ವರ್ಷ ಇಡಿಯಾಗಿ ನಿಂತಿದ್ದಳು.

ಆಮೇಲೆ ವಿಚ್ಛೇದನವಾಯಿತು. ಕಾರಣ ಏನೆಂದು ನಾನು ಕೇಳಲಿಲ್ಲ. ಅವರೇ ಹೇಳಿದರು: ಅವಳು ಯಾವ ದೇವಿ ಎಂಬ ವಿಷಯಕ್ಕೆ. ಡಾಕ್ಟರ ಪ್ರಕಾರ ಅದೃಷ್ಟದೇವಿ, ಟೀಚರ ಪ್ರಕಾರ ಧಾನ್ಯದೇವಿ. ನಿಜವಾದ ಕಾರಣ ಬೇರೆ ಏನೋ ಇದ್ದಿರಬೇಕು. ಆದರೆ ಬಂದವರ ಮುಂದೆ ಹೇಳಿಕೊಳ್ಳಲು ಇದು ಮರ್ಯಾದೆಯ ಕಾರಣ. ಪಾಲು ಮಾಡಿದಾಗ ಯಾರು ಕೊಂಡದ್ದು ಅವರಿಗೆ ಎಂದಾಯಿತು. ಡಾಕ್ಟರಿಗೆ ಮೈ, ಟೀಚರಿಗೆ ತಲೆ. ಅವತ್ತಿನಿಂದ ಹನ್ನೊಂದು ವರ್ಷ ಇಬ್ಬರೂ ಮಾತಾಡಿಲ್ಲ.

ಈಗ ಮೈಯನ್ನು ಒಂದು ಮ್ಯೂಸಿಯಮ್ಮಿಗೆ ಕೊಟ್ಟುಬಿಡೋಣವೆಂದು ಅವರ ಆಸೆ. ಅಲ್ಲಿಯವರು ಫೋಟೋ ನೋಡಿ, ಹಳೆಯ ಚಿತ್ರದಲ್ಲಿ ತಲೆಯೂ ಇದೆಯಲ್ಲ, ಎರಡನ್ನೂ ಒಟ್ಟಿಗೆ ನೋಡಬೇಕು ಎಂದಿದ್ದರು. ತಲೆ ಬಾಥೆಲ್‌ನಲ್ಲಿ, ನನ್ನ ಆಫೀಸಿನಿಂದ ಐದು ನಿಮಿಷದ ದಾರಿಯಲ್ಲಿತ್ತು. ಮಗಳು ಹನ್ನೊಂದು ವರ್ಷ ಅಪ್ಪನ ಮಾತು ಅಮ್ಮನಿಗೆ, ಅಮ್ಮನ ಮಾತು ಅಪ್ಪನಿಗೆ ಸಾಗಿಸಿ ಸಾಕಾಗಿ, ಇನ್ನು ಈ ದೇವಿಯ ಹೆಸರು ನನ್ನ ಮುಂದೆ ಎತ್ತಬೇಡಿ ಎಂದು ಖಡಾಖಂಡಿತವಾಗಿ ಹೇಳಿದ್ದಳಂತೆ. ನೀವು ಹೇಗೂ ದಿನಾ ಅಲ್ಲಿಗೆ ಹೋಗುತ್ತೀರಿ, ಒಂದು ಮಾತು ಕೇಳಿ ನೋಡುತ್ತೀರಾ ಎಂದು ಡಾಕ್ಟರು ಚಹಾದ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು. ಆರು ವರ್ಷ ನಮ್ಮ ಹಿಮ ಗುಡಿಸಿದ ಮನುಷ್ಯ. ಆಗಲ್ಲ ಎನ್ನುವುದು ಹೇಗೆ?

ಸೋಮವಾರ ಊಟದ ವಿರಾಮದಲ್ಲಿ ಹೋದೆ. ಟೀಚರು ಸಣ್ಣ ಮೈಕಟ್ಟಿನ, ಚುರುಕು ಕಣ್ಣಿನ ಹೆಂಗಸು. ಯಾರ ಕಡೆಯವಳೆಂದು ಹೇಳಿದ ಮೇಲೂ ಒಳಗೆ ಕರೆದು ಸೂಪು ಕೊಟ್ಟರು. ತಲೆ ಅಡುಗೆಮನೆಯ ಕಟ್ಟೆಯ ಮೇಲೆ, ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲಿತ್ತು. ದೊಡ್ಡ ಎಳನೀರಿನಷ್ಟು ಗಾತ್ರ. ಬೈತಲೆ ತೆಗೆದು ಕೂದಲನ್ನೆಲ್ಲ ಹಿಂದಕ್ಕೆ ಎಳೆದು ತುರುಬು ಕಟ್ಟಿತ್ತು. ತುಟಿಯ ಕೊನೆಯಲ್ಲಿ ಸ್ವಲ್ಪ ಅಸಮಾಧಾನ. ಮೂಗಿನ ತುದಿ ಇರಲಿಲ್ಲ.

ನಾನು ಬಂದ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಎದ್ದು, ಸಾಂಬಾರ ಪದಾರ್ಥಗಳ ಕಪಾಟಿನಿಂದ ಒಂದು ಪುಟ್ಟ ಗಾಜಿನ ಸೀಸೆ ತೆಗೆದು, ಅದರೊಳಗಿದ್ದುದನ್ನು ಒಂದು ಲಕೋಟೆಗೆ ಹಾಕಿ ಅಂಟಿಸಿ ನನ್ನ ಕೈಗಿತ್ತರು. ನನ್ನ ಉತ್ತರ ಇದು, ಅವರಿಗೆ ತಲುಪಿಸಿ ಎಂದರು.

ಮನೆಗೆ ಬಂದು ಲಕೋಟೆಯನ್ನು ಮೇಜಿನ ಮೇಲಿಟ್ಟೆ. ಏನದು ಎಂದು ಅತ್ತೆ ಬೆರಳಿನಿಂದ ಒತ್ತಿ ನೋಡಿದರು. ಮೂಗು, ಅತ್ತೆ, ಎಂದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡು ನನ್ನನ್ನೇ ನೋಡಿದರು. ಡಾಕ್ಟರು ಮಾಡಿದ ಪಿಂಗಾಣಿಯ ಮೂಗು, ವಿಚ್ಛೇದನವಾದ ವಾರವೇ ಟೀಚರು ಅದನ್ನು ಚಾಕುವಿನಿಂದ ಎಬ್ಬಿಸಿ ತೆಗೆದಿದ್ದರಂತೆ, ಈಗ ವಾಪಸ್ ಕಳಿಸಿದ್ದಾರೆ ಎಂದು ವಿವರಿಸಿದೆ.

ಅತ್ತೆ ಲಕೋಟೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು. "ಬಿಡಿಬಿಡಿಯಾಗಿ ಬತ್ತಾವ್ಳೆ," ಎಂದರು.

ಡಾಕ್ಟರು ಮೂಗನ್ನು ಬೆಳಕಿಗೆ ಹಿಡಿದು ನೋಡಿ, ಬಣ್ಣ ಒಂದಿಷ್ಟೂ ಮಾಸಿಲ್ಲ ಎಂದು ಹೆಮ್ಮೆಪಟ್ಟರು. ಅವಳು ಇದನ್ನು ಎಸೆದಿಲ್ಲವಲ್ಲ, ಇಷ್ಟು ವರ್ಷ ಇಟ್ಟುಕೊಂಡಿದ್ದಳಲ್ಲ, ಇದು ಒಳ್ಳೆಯ ಲಕ್ಷಣ, ಇನ್ನೊಂದು ಸಲ ಹೋಗಿ ಎಂದರು. ನನಗೆ ಹಾಗನ್ನಿಸಿರಲಿಲ್ಲ.

ಎರಡನೆಯ ಸಲ ಅತ್ತೆಯೂ ಬಂದರು. ಅವರಿಗೆ ಆ ತಲೆಯನ್ನು ನೋಡಲೇಬೇಕಿತ್ತು. ಮೈಯನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವರು ತಲೆಯನ್ನು ಕಂಡ ಕೂಡಲೇ ಚಪ್ಪಲಿ ಬಿಟ್ಟು ಕೈಮುಗಿದರು. ಇದೂ ಭಿನ್ನವಾದದ್ದೇ ಅಲ್ಲವೇ ಅತ್ತೆ ಎಂದು ಕೇಳಿದೆ. "ಇದ್ಯಾಕೆ ಭಿನ್ನ ಆಯ್ತದೆ? ನಮ್ಮೂರ ಮಾರಮ್ಮಂಗೂ ಬರೀ ತಲೇನೇ ಇರೋದು. ಅಮ್ಮ ಅಂದ್ರೆ ತಲೆ ಕಣವ್ವ. ಮೈ ಇಲ್ದಿದ್ರೂ ನಡೀತದೆ," ಎಂದರು. ಇದನ್ನು ಟೀಚರಿಗೆ ಅನುವಾದಿಸಿದೆ. ಹನ್ನೊಂದು ವರ್ಷದಲ್ಲಿ ತಮ್ಮ ಪಾಲಿಗೆ ಬಂದದ್ದೇ ಹೆಚ್ಚಿನದೆಂದು ಯಾರೂ ಅವರಿಗೆ ಹೇಳಿರಲಿಲ್ಲವೆಂದು ಕಾಣುತ್ತದೆ. ಅವರ ಮುಖ ಅರಳಿತು.

ನಾನು ಆಫೀಸಿನಿಂದ ಬಂದ ಫೋನ್ ತೆಗೆದುಕೊಳ್ಳಲು ಹೊರಗೆ ಹೋಗಿ ಹತ್ತು ನಿಮಿಷದ ಮೇಲೆ ಒಳಗೆ ಬಂದರೆ, ಒಬ್ಬರ ಭಾಷೆಯ ಒಂದು ಮಾತೂ ಇನ್ನೊಬ್ಬರಿಗೆ ಬಾರದ ಇಬ್ಬರು ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದರು. ದೇವಿಯ ಹಣೆಯ ಮೇಲೆ ಕಾಸಿನಗಲ ಕುಂಕುಮವಿತ್ತು. ಟೀಚರ ಹಣೆಯ ಮೇಲೂ ಇತ್ತು. ಅತ್ತೆಯ ಸೊಂಟದ ಚೀಲದಲ್ಲಿ ಊರಿನಿಂದ ತಂದ ಕುಂಕುಮದ ಪೊಟ್ಟಣ ಯಾವಾಗಲೂ ಇರುತ್ತದೆಂಬುದನ್ನು ನಾನು ಮರೆತಿದ್ದೆ. ಸಾವಿರದ ಎಂಟುನೂರು ವರ್ಷದ ಅಮೃತಶಿಲೆ, ಬಣ್ಣ ಹಿಡಿದುಕೊಂಡರೆ ಏನು ಗತಿ? ಒದ್ದೆ ಬಟ್ಟೆ ಹುಡುಕಲು ಹೊರಟೆ. ಟೀಚರು ಬೇಡವೆಂದು ತಡೆದರು. ಇವಳಿಗೆ ಇಷ್ಟು ಲಕ್ಷಣ ಬಂದದ್ದು ನಾನು ನೋಡೇ ಇಲ್ಲ ಎಂದರು.

ಅವತ್ತೇ ಅವರು ಒಪ್ಪಿದರು. ಎರಡು ಷರತ್ತು. ಮ್ಯೂಸಿಯಮ್ಮಿನವರು ಬಂದಾಗ ತಾವೂ ಅಲ್ಲಿರಬೇಕು. ಡಾಕ್ಟರು ತಲೆಯನ್ನು ಮುಟ್ಟಕೂಡದು. ತಲೆಯನ್ನು ನೀವೇ ಒಯ್ಯಿರಿ, ನನ್ನ ಕಾರು ಹಳೆಯದು, ನನ್ನ ಕಣ್ಣು ಅದಕ್ಕಿಂತ ಹಳೆಯದು, ನಾನು ನಿಧಾನವಾಗಿ ಹಿಂದೆ ಬರುತ್ತೇನೆ ಎಂದರು.

ಮುಂದಿನ ಶನಿವಾರ ಬೆಳಿಗ್ಗೆ ತಲೆಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ಕಾರಿಗೆ ತಂದೆವು. ಎತ್ತುವಾಗ, ರುಬ್ಬುಗುಂಡಿಗಿಂತ ಭಾರ ಎಂದರು ಅತ್ತೆ. ಡಿಕ್ಕಿಯಲ್ಲಿಟ್ಟರೆ ಉರುಳುತ್ತದೆ, ಹಿಂದಿನ ಸೀಟಿನಲ್ಲಿಟ್ಟರೆ ಬ್ರೇಕ್ ಹಾಕಿದಾಗ ಕೆಳಗೆ ಬೀಳುತ್ತದೆ. ಕೊನೆಗೆ ಮುಂದಿನ ಸೀಟಿನಲ್ಲಿ ಎರಡು ದಿಂಬುಗಳ ಮೇಲೆ ಕೂರಿಸಿ, ಬೆಲ್ಟ್ ಬಿಗಿದೆವು. ಅತ್ತೆಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತದೆ. ಅವರು ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಒರಗಿ, ಮುಖದ ಮೇಲೆ ಶಾಲು ಹೊದ್ದುಕೊಂಡರು. ಟೀಚರು ಕಿಟಕಿಯಲ್ಲಿ ಕೈಹಾಕಿ ದೇವಿಯ ಕತ್ತಿನ ಸುತ್ತ ತಮ್ಮ ಉಣ್ಣೆಯ ಮಫ್ಲರ್ ಸುತ್ತಿದರು. ಅದು ಯಾಕೆಂದು ನಾನು ಕೇಳಲಿಲ್ಲ.

ಬೆಲ್‌ವ್ಯೂ ದಾಟಿ ಪೂರ್ವಕ್ಕೆ ತಿರುಗಿದ ಮೇಲೆ ರಸ್ತೆ ತುಂಬಿತ್ತು. ಕಾರಿನಲ್ಲಿ ಇಬ್ಬರಾದರೂ ಇದ್ದರೆ ಹೋಗಬಹುದಾದ ಕಾರ್‌ಪೂಲ್ ಲೇನ್ ಖಾಲಿ ಇತ್ತು. ನಾವು ಇಬ್ಬರಿದ್ದೆವು. ಅದಕ್ಕೆ ಹೋದೆ. ಇಸಕ್ವಾ ಹತ್ತಿರ ಬರುತ್ತಿದ್ದಂತೆ ಹಿಂದೆ ಪೊಲೀಸ್ ಕಾರಿನ ದೀಪ ಮಿನುಗಿತು. ಪಕ್ಕಕ್ಕೆ ನಿಲ್ಲಿಸಿದೆ. ಎತ್ತರದ ಅಧಿಕಾರಿಯೊಬ್ಬರು ಬಂದು ಬಗ್ಗಿ, ಮುಂದಿನ ಸೀಟನ್ನು ಬಹಳ ಹೊತ್ತು ನೋಡಿದರು. ಮಫ್ಲರ್, ಕುಂಕುಮ, ಮುರಿದ ಮೂಗು. ನನ್ನ ಕೆಲಸದಲ್ಲಿ ಈ ಸೀಟಿನಲ್ಲಿ ಬಟ್ಟೆಯ ಬೊಂಬೆ, ಗಾಳಿ ತುಂಬಿದ ಬೊಂಬೆ, ಒಮ್ಮೆ ಜಾಕೆಟ್ ತೊಡಿಸಿದ ನಾಯಿಯನ್ನೂ ನೋಡಿದ್ದೇನೆ, ಆದರೆ ಇಷ್ಟು ಶ್ರಮಪಟ್ಟವರನ್ನು ನೋಡಿಲ್ಲ ಎಂದರು.

ಇದು ಮೋಸಕ್ಕಲ್ಲ, ಇವಳು ರೋಮಿನ ದೇವಿ, ಮೈ ಸೇರಿಕೊಳ್ಳಲು ಸ್ನೊಕ್ವಾಲ್ಮಿಗೆ ಹೋಗುತ್ತಿದ್ದಾಳೆ ಎಂದು ನಾನು ಹೇಳಿದೆ. ಹೇಳಿದ ಮೇಲೆ ನನಗೇ ಅದು ನಂಬುವಂಥ ಮಾತಿನ ಹಾಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಕಾರು ನಿಂತಿದ್ದಕ್ಕೆ ಎಚ್ಚರವಾಗಿ ಅತ್ತೆ ಹಿಂದಿನ ಸೀಟಿನಲ್ಲಿ ಶಾಲು ಸಮೇತ ಎದ್ದು ಕೂತರು. ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದರು.

"ಊರು ಬಂತಾ?" ಎಂದು ಕೇಳಿದರು ಅತ್ತೆ.

ಅಧಿಕಾರಿ ಅವರನ್ನು ನೋಡಿ, ನನ್ನನ್ನು ನೋಡಿ, ಎರಡು ಎಂದು ಎಣಿಸಿ, ಹೋಗಿ ಎಂದರು. ಅತ್ತೆ ಕುಂಕುಮದ ಪೊಟ್ಟಣಕ್ಕೆ ಕೈಹಾಕುತ್ತಿದ್ದುದನ್ನು ಕನ್ನಡಿಯಲ್ಲಿ ಕಂಡು ನಾನು ಬೇಗ ಕಾರು ಹೊರಡಿಸಿದೆ.

ಡಾಕ್ಟರ ಮನೆಯಲ್ಲಿ ಮ್ಯೂಸಿಯಮ್ಮಿನ ತಜ್ಞೆ ಆಗಲೇ ಬಂದಿದ್ದಳು. ಮೂವತ್ತು ದಾಟಿರದ ಹುಡುಗಿ, ಕೈಗೆ ತೆಳು ಗವಸು, ಕತ್ತಿಗೆ ಭೂತಗನ್ನಡಿ. ನನ್ನ ಗಂಡನೂ ಬಂದಿದ್ದ, ಭಾರ ಎತ್ತಲು. ಟೀಚರು ನಮ್ಮ ಹಿಂದೆ ಅರ್ಧ ಗಂಟೆ ತಡವಾಗಿ ಬಂದು, ಮನೆಯೊಳಗೆ ಬಂದವರು ಡಾಕ್ಟರ ಕಡೆ ತಿರುಗದೆ ದೇವಿಯ ಮೈಗೆ ಎದುರಾಗಿ ನಿಂತರು. ಡಾಕ್ಟರು ಹೊಸ ಷರಟು ಹಾಕಿದ್ದರು. ಅಂಗಡಿಯಲ್ಲಿ ಮಡಚಿದ ಗೆರೆಗಳು ಅದರ ಮೇಲೆ ಹಾಗೇ ಇದ್ದವು.

ತಜ್ಞೆ ತಲೆಯನ್ನು ಮೊದಲು ಪರೀಕ್ಷಿಸಿದಳು. ಹಣೆಯ ಹತ್ತಿರ ಬಂದವಳು ಉಸಿರು ಹಿಡಿದು ನಿಂತಳು. ರೋಮಿನವರ ಕಾಲದಲ್ಲಿ ಮೂರ್ತಿಗಳಿಗೆ ಬಣ್ಣ ಬಳಿಯುತ್ತಿದ್ದರು, ಅದು ಇಷ್ಟು ಚೆನ್ನಾಗಿ ಉಳಿಯುವುದು ತೀರ ಅಪರೂಪ, ಇಲ್ಲಿ ನೋಡಿ ಕೆಂಪು, ಯಾರೂ ಮುಟ್ಟಬೇಡಿ ಎಂದಳು. ನನ್ನ ಕಿವಿ ಬಿಸಿಯಾಯಿತು. ಏನಂತೆ ಎಂದು ಅತ್ತೆ ಕೇಳಿದರು. ಹೇಳಿದೆ.

"ಅದು ನಂದು," ಎಂದರು ಅತ್ತೆ ನೇರವಾಗಿ ತಜ್ಞೆಗೇ, ಕನ್ನಡದಲ್ಲಿ, ಪೊಟ್ಟಣವನ್ನು ತೆಗೆದು ತೋರಿಸುತ್ತ.

ಅನುವಾದ ಬೇಕಾಗಲಿಲ್ಲ. ತಜ್ಞೆ ಪೊಟ್ಟಣವನ್ನೂ ಹಣೆಯನ್ನೂ ನೋಡಿ, ಕುರ್ಚಿಯ ಮೇಲೆ ಕೂತು ನೀರು ಕುಡಿದಳು. ಆಮೇಲೆ ಒಂದು ಹತ್ತಿಯ ಕಡ್ಡಿಯಿಂದ ಕುಂಕುಮವನ್ನು ತೆಗೆದಳು. ಪೂರ್ತಿ ಹೋಗಲಿಲ್ಲ. ತಿಳಿ ಗುಲಾಬಿ ಕಲೆ ಉಳಿಯಿತು.

ತಲೆಯನ್ನು ಮೈಯ ಮೇಲೆ ಕೂರಿಸಿದೆವು. ನಾನೂ ನನ್ನ ಗಂಡನೂ ಎರಡು ಕಡೆ ಹಿಡಿದುಕೊಂಡಿದ್ದೆವು. ಉಕ್ಕಿನ ಕಡ್ಡಿ ತನ್ನ ತೂತಿಗೆ ಸರಿಯಾಗಿ ಇಳಿಯಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಟೀಚರು ಮೂಗು ಸೇದಿದರು. ಹನ್ನೊಂದು ವರ್ಷದ ಮೇಲೆ ದೇವಿ ಇಡಿಯಾಗಿ ನಿಂತಿದ್ದಳು.

ಅತ್ತೆ ಮಾತ್ರ ಹಿಂದೆ ಹೋಗಿ ನಿಂತಿದ್ದರು. ತುರುಬನ್ನು ನೋಡಿದರು, ಭುಜವನ್ನು ನೋಡಿದರು, ಮತ್ತೆ ತುರುಬನ್ನು ನೋಡಿದರು. ನನ್ನನ್ನು ಹತ್ತಿರ ಕರೆದರು.

"ಈ ತಲೆ ಇವ್ಳುದಲ್ಲ ಕಣವ್ವ."

ಮೆಲ್ಲಗೆ ಹೇಳಿ ಅತ್ತೆ ಎಂದೆ. ಅವರು ಮೆಲ್ಲಗೇ ಹೇಳಿದರು, ಆದರೆ ಬೆರಳು ತೋರಿಸಿ ಹೇಳಿದರು. ಮೈಯ ಭುಜದ ಮೇಲೆ, ಎಡಕ್ಕೊಂದು ಬಲಕ್ಕೊಂದು, ಹಾವಿನಂತೆ ಇಳಿದ ಎರಡು ಎಳೆಗಳಿದ್ದವು. ನಾವೆಲ್ಲ ಬಟ್ಟೆಯ ಅಂಚೆಂದುಕೊಂಡಿದ್ದೆವು. ಅದು ಕೂದಲು, ಇವಳು ಕೂದಲು ಬಿಟ್ಟುಕೊಂಡಿದ್ದವಳು, ಅವಳು ಒಂದೆಳೆಯೂ ಬಿಡದೆ ತುರುಬು ಕಟ್ಟಿದವಳು, ತುರುಬು ಕಟ್ಟಿದ ಮೇಲೆ ಭುಜದ ಮೇಲೆ ಕೂದಲು ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ಮೂರು ಹೆಣ್ಣುಮಕ್ಕಳ ತಲೆ ಬಾಚಿ ಜಡೆ ಹೆಣೆದು ದೊಡ್ಡವರನ್ನಾಗಿ ಮಾಡಿದ ಹೆಂಗಸು. ಅವರಿಗೆ ಭೂತಗನ್ನಡಿ ಬೇಕಿರಲಿಲ್ಲ.

ಏನು ಹೇಳುತ್ತಿದ್ದಾರೆ ಎಂದು ಡಾಕ್ಟರು ಕೇಳಿದರು. ಬಹಳ ಸುಂದರ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಹೇಳಿದೆ. ತಜ್ಞೆ ಎದ್ದು ಬಂದು ಎಳೆಗಳ ಮೇಲೆ ಬೆರಳಾಡಿಸಿದಳು. ನಾನೂ ಅದನ್ನೇ ಹೇಳಬೇಕೆಂದಿದ್ದೆ, ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ ಎಂದಳು. ಎರಡರ ಕಲ್ಲೂ ಬೇರೆ, ಉಳಿಯ ಕೆಲಸವೂ ಬೇರೆ, ಬಹುಶಃ ಎರಡರ ನಡುವೆ ನೂರು ವರ್ಷದ ಅಂತರವಿದೆ. ಹಳೆಯ ಮೂರ್ತಿಗಳಲ್ಲಿ ಹೀಗೆ ಒಬ್ಬರ ತಲೆ ಇನ್ನೊಬ್ಬರಿಗೆ ಬರುವುದು ಹೊಸದೇನಲ್ಲ. ಆದರೆ ಅವಳಿಗೆ ಅರ್ಥವಾಗದ್ದು ಒಂದಿತ್ತು. ಎರಡು ಬೇರೆ ಮೂರ್ತಿಗಳ ಕತ್ತು ಇಷ್ಟು ನುಣ್ಣಗೆ ಹೇಗೆ ಕೂಡಿಕೊಂಡಿತು?

ಕೋಣೆಯಲ್ಲಿ ಎಲ್ಲರೂ ಕತ್ತನ್ನು ನೋಡಿದರು. ಡಾಕ್ಟರು ನೆಲ ನೋಡಿದರು.

"ನಾನು ಉಜ್ಜಿದೆ," ಎಂದರು.

ಮೂರು ಭಾನುವಾರ, ತಮ್ಮ ಕ್ಲಿನಿಕ್ಕಿನಲ್ಲಿ, ಹಲ್ಲು ಕೊರೆಯುವ ಯಂತ್ರದಲ್ಲಿ ಉಜ್ಜಿದ್ದರಂತೆ. ತಲೆ ಬಂದ ದಿನವೇ ಅವರಿಗೆ ಗೊತ್ತಾಗಿತ್ತು. ಅದರ ಕತ್ತು ಒಂದು ಬೆರಳಿನಷ್ಟು ಅಗಲ ಹೆಚ್ಚಿತ್ತು, ಯಾವ ಕೋನದಲ್ಲೂ ಕೂರುತ್ತಿರಲಿಲ್ಲ. ಬಾಯಿಯೊಳಗೆ ಹೊಸ ಹಲ್ಲು ಕೂರಿಸುವವನಿಗೆ ಕೂರುವುದು ಯಾವುದು, ಕೂರದ್ದು ಯಾವುದು ಎಂದು ತಿಳಿಯದೇ ಇರುತ್ತದೆಯೇ?

ಟೀಚರು ಮೊದಲ ಸಲ ಅವರ ಕಡೆ ತಿರುಗಿದರು. "ಗೊತ್ತಿದ್ದೂ ಇಷ್ಟು ವರ್ಷ ಹೇಳಲಿಲ್ಲ."

"ಲಂಡನ್ನಿಂದ ಇಲ್ಲೀ ತನಕ ಅದನ್ನ ತೊಡೆ ಮೇಲೆ ಇಟ್ಕೊಂಡು ಬಂದಿದ್ದೆ ನೀನು," ಎಂದರು ಡಾಕ್ಟರು. "ವಿಮಾನದಲ್ಲಿ ಊಟಾನೂ ಮಾಡಿರಲಿಲ್ಲ, ತಟ್ಟೆ ಇಡೋಕೆ ಜಾಗ ಇಲ್ಲ ಅಂತ. ಹೇಗೆ ಹೇಳ್ಲಿ?"

ಟೀಚರು ಹೊರಗೆ ಹೋದರು. ಕಾರು ಹತ್ತಿ ಹೋಗಿಬಿಡುತ್ತಾರೆಂದು ನಾನಂದುಕೊಂಡೆ. ಅವರು ಅಂಗಳದ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತರು. ಭುಜ ಕುಣಿಯುತ್ತಿತ್ತು. ಅತ್ತೆ ಹೋಗಿ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ನಾನು ನೀರು ತೆಗೆದುಕೊಂಡು ಹೋದಾಗ ನೋಡಿದರೆ ಟೀಚರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಯಾಕೆಂದು ತಿಳಿಯದ ಅತ್ತೆಯೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಜೊತೆಗೆ ನಗುತ್ತಿದ್ದರು. ಒಳಗೆ ಬಂದ ಮೇಲೆ ಟೀಚರಿಗೆ ಸಿಟ್ಟು ಬಂತು. ಆ ಸಿಟ್ಟು ಒಂದು ಗಂಟೆ ಇತ್ತು. ನನ್ನ ದೇವಿಯ ಕತ್ತು ಕೊಯ್ದವನು ಎಂಬಲ್ಲಿಂದ ಶುರುವಾಗಿ, ಮೂವತ್ತು ವರ್ಷದ ಹಿಂದೆ ಅವರು ಮರೆತ ಒಂದು ಹುಟ್ಟಿದ ಹಬ್ಬದವರೆಗೆ ಹೋಯಿತು. ಹನ್ನೊಂದು ವರ್ಷದ ಮೇಲೆ ಇಬ್ಬರೂ ನೇರವಾಗಿ ಮಾತಾಡುತ್ತಿದ್ದುದರಿಂದ ನಾವು ಯಾರೂ ತಡೆಯಲಿಲ್ಲ. ತಜ್ಞೆ ಆ ಹೊತ್ತಿನಲ್ಲಿ ಅಳತೆಗಳನ್ನು ಬರೆದುಕೊಂಡಳು. ಸಂಜೆ ತಲೆ ನನ್ನ ಕಾರಿನಲ್ಲೇ ಬಾಥೆಲ್‌ಗೆ, ಬ್ರೆಡ್ಡಿನ ಡಬ್ಬಿಯ ಪಕ್ಕಕ್ಕೆ ವಾಪಸ್ ಹೋಯಿತು.

ಎರಡು ವಾರದ ಮೇಲೆ ಮ್ಯೂಸಿಯಮ್ಮಿನಿಂದ ಉತ್ತರ ಬಂತು. ಮೈಗೆ ಕಾಗದಪತ್ರ ಸರಿಯಿದೆ, ಸಂತೋಷದಿಂದ ತೆಗೆದುಕೊಳ್ಳುತ್ತೇವೆ, ಅವಳೊಬ್ಬ ದೇವಿ ಎಂಬುದು ಖಂಡಿತ, ಯಾವ ದೇವಿ ಎಂದು ಹೇಳಲಾಗದು. ತಲೆ ಎಲ್ಲಿಂದ ಬಂತೆಂಬುದಕ್ಕೆ ಯಾವ ದಾಖಲೆಯೂ ಇಲ್ಲ, ಆದ್ದರಿಂದ ತೆಗೆದುಕೊಳ್ಳಲಾಗದು. ಮೇಲಾಗಿ ಅದು ದೇವಿಯದೇ ಅಲ್ಲ, ಆ ತುರುಬಿನ ಶೈಲಿ ನೋಡಿದರೆ ಯಾರೋ ಶ್ರೀಮಂತ ಮನೆತನದ ಗೃಹಿಣಿಯ ತಲೆ ಇರಬೇಕು.

ಇದನ್ನು ನಾನು ಅತ್ತೆಗೆ ಹೆದರುತ್ತಲೇ ಹೇಳಿದೆ. ಅವರು ಚಪ್ಪಲಿ ಬಿಟ್ಟು ಕೈಮುಗಿದಿದ್ದರು, ಕುಂಕುಮ ಇಟ್ಟಿದ್ದರು. ಅವರು ಬೀನ್ಸ್ ಬಿಡಿಸುತ್ತಿದ್ದವರು ತಲೆಯೆತ್ತದೆ, "ಮುತ್ತೈದೆ ತಾನೆ? ಕುಂಕುಮ ಇಟ್ಟಿದ್ದೇನೂ ತಪ್ಪಿಲ್ಲ ಬಿಡು," ಎಂದರು.

ಡಾಕ್ಟರಿಗೆ ಈ ಉತ್ತರ ಸಮಾಧಾನ ಕೊಡಲಿಲ್ಲ. ತಲೆಯನ್ನು ಬೇಡವೆಂದವರಿಗೆ ಮೈಯನ್ನೂ ಕೊಡುವುದಿಲ್ಲ ಎಂದು ಹಟ ಹಿಡಿದರು. ಬರೆಯಬೇಡಿ ಎಂದರೂ ಮ್ಯೂಸಿಯಮ್ಮಿಗೆ ಒಂದು ಖಾರದ ಕಾಗದವನ್ನೂ ಬರೆದರು. ಅದನ್ನು ಅಂಚೆಗೆ ಹಾಕುವ ಮೊದಲು ಟೀಚರಿಗೆ ಫೋನಿನಲ್ಲಿ ಓದಿ ಹೇಳಿದ್ದರಿಂದ ಅನಾಹುತ ತಪ್ಪಿತು. ನಿನಗೇನು ತಲೆ ಕೆಟ್ಟಿದೆಯಾ, ಅವಳನ್ನು ಆ ಪುಟ್ಟ ಅಪಾರ್ಟ್‌ಮೆಂಟಿಗೆ ಒಯ್ದು ಎಲ್ಲಿ ನಿಲ್ಲಿಸುತ್ತೀಯ, ಬಚ್ಚಲಿನಲ್ಲಾ ಎಂದು ಅವರು ಬೈದರಂತೆ. ಡಾಕ್ಟರು ಇದನ್ನು ನನಗೆ ಬಹಳ ಖುಷಿಯಿಂದ ವರದಿ ಮಾಡಿದರು. ನನ್ನ ಓಡಾಟದ ಅಗತ್ಯ ಇನ್ನಿಲ್ಲವೆಂದು ಆಗ ನನಗೆ ತಿಳಿಯಿತು. ತಿಳಿದು ಸ್ವಲ್ಪ ಬೇಜಾರೂ ಆಯಿತು.

ಮ್ಯೂಸಿಯಮ್ಮಿನ ಲಾರಿ ಬಂದ ದಿನ ಟೀಚರೂ ಬಂದಿದ್ದರು, ಈ ಸಲ ಟ್ಯಾಕ್ಸಿಯಲ್ಲಿ. ನಾಲ್ಕು ಜನ ದೇವಿಯನ್ನು ಮರದ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಸುತ್ತ ಸ್ಪಂಜು ತುಂಬಿ, ಮೊಳೆ ಹೊಡೆದರು. ಡಾಕ್ಟರು ಪ್ರತಿ ಮೊಳೆಗೂ ಸಲಹೆ ಕೊಟ್ಟರು. ದಾನಿಗಳ ಫಲಕದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಚರ್ಚೆ ನಡೆದು, ಅಕ್ಷರದ ಕ್ರಮದಲ್ಲಿ ಎಂದು ತೀರ್ಮಾನವಾಯಿತು. ಅದರಂತೆ ಟೀಚರ ಹೆಸರೇ ಮೊದಲು ಬಂತು. ಮೈ ತಾವು ಕೊಂಡದ್ದೆಂದು ಡಾಕ್ಟರು ಒಮ್ಮೆ ಗೊಣಗಿ ಸುಮ್ಮನಾದರು.

ಲಾರಿ ಹೋದ ಮೇಲೆ ಆ ಹಾಲಿನಲ್ಲಿ ನಿಲ್ಲಲು ಯಾರಿಗೂ ಮನಸ್ಸಾಗಲಿಲ್ಲ. ಅತ್ತೆ ಎಲ್ಲರನ್ನೂ ನಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಬಂದರು. ಚಿತ್ರಾನ್ನ, ಹುರುಳಿಕಾಯಿ ಪಲ್ಯ, ಖಾರ ಕಡಿಮೆ ಹಾಕಿದ ಬಸ್ಸಾರು. ಡಾಕ್ಟರು ಮೂರು ಸಲ ಬಡಿಸಿಕೊಂಡರು. ಟೀಚರು ಬಸ್ಸಾರಿಗೆ ಏನೇನು ಹಾಕುತ್ತಾರೆಂದು ಬರೆದುಕೊಳ್ಳಲು ಹೊರಟು, ಅತ್ತೆ ಪ್ರತಿಯೊಂದಕ್ಕೂ ಅಂದಾಜು ಎಂದದ್ದರಿಂದ ಬಿಟ್ಟುಬಿಟ್ಟರು.

ನಾಲ್ಕು ಗಂಟೆಯ ಹೊತ್ತಿಗೆ ಟೀಚರು ಟ್ಯಾಕ್ಸಿ ಕರೆಯಲು ಫೋನ್ ತೆಗೆದರು. ಡಾಕ್ಟರು, ಮಗಳ ಮನೆಗೆ ಹೇಗೂ ಹೋಗಬೇಕು, ದಾರಿಯಲ್ಲಿ ನಿನ್ನನ್ನು ಮನೆಗೆ ಬಿಟ್ಟು ಹೋಗುತ್ತೇನೆ ಎಂದರು. ಇಸಕ್ವಾ ಮೊದಲೇ ಸಿಗುತ್ತದೆ, ಬಾಥೆಲ್ ಅಲ್ಲಿಂದಾಚೆಗೆ ಅರ್ಧ ಗಂಟೆಯ ದಾರಿ. ಅದು ನಮಗೆಲ್ಲ ಗೊತ್ತಿತ್ತು. ಯಾರೂ ಹೇಳಲಿಲ್ಲ. ಟೀಚರು ಹಿಂದಿನ ಬಾಗಿಲು ತೆರೆದು ಕೂತರು. ಡಾಕ್ಟರು ಸುತ್ತಿ ಬಂದು, ಮುಂದಿನ ಸೀಟಿನ ಮೇಲಿದ್ದ ಪುಸ್ತಕಗಳನ್ನೂ ಬೂಟುಗಳನ್ನೂ ಒಂದೊಂದಾಗಿ ಡಿಕ್ಕಿಗೆ ಸಾಗಿಸಿ, ಸೀಟನ್ನು ಕೈಯಿಂದ ಜಾಡಿಸಿ, ಬಾಗಿಲು ಹಿಡಿದು ನಿಂತರು. ಟೀಚರು ಒಂದು ನಿಮಿಷ ಕೂತಲ್ಲೇ ಕೂತಿದ್ದು, ಆಮೇಲೆ ಇಳಿದು ಮುಂದೆ ಹೋಗಿ ಕೂತರು.

ಕಾರು ತಕ್ಷಣ ಹೊರಡಲಿಲ್ಲ. ಹತ್ತು ನಿಮಿಷ ಅಲ್ಲೇ ನಿಂತಿತ್ತು. ಒಳಗೆ ಇಬ್ಬರ ಕೈಗಳೂ ಆಡುತ್ತಿದ್ದವು. ಜಗಳವೋ ಏನೋ ಎಂದು ಅತ್ತೆ ನಮ್ಮ ಬಾಗಿಲಲ್ಲಿ ನಿಂತು ಕತ್ತು ಚಾಚಿ ನೋಡುತ್ತಿದ್ದರು. ಕೊನೆಗೆ ಕಾರು ನಿಧಾನವಾಗಿ ಇಳಿಜಾರಿನಲ್ಲಿ ಇಳಿದು ಹೋಯಿತು.

ಮಾರನೆಯ ದಿನ ಕಸದ ಡಬ್ಬ ಇಡುವಾಗ ಡಾಕ್ಟರು ಸಿಕ್ಕರು. ಏನೂ ತೊಂದರೆಯಾಗಲಿಲ್ಲ ತಾನೇ ಎಂದು ಕೇಳಿದೆ. ಬಾಥೆಲ್‌ಗೆ ರೆಡ್ಮಂಡ್ ಮೇಲೆ ಹೋಗಬೇಕೋ ಬೆಲ್‌ವ್ಯೂ ಮೇಲೆ ಹೋಗಬೇಕೋ ಎಂದು ಸ್ವಲ್ಪ ಚರ್ಚೆಯಾಯಿತು ಎಂದರು. ನನ್ನ ಪ್ರಕಾರ ಬೆಲ್‌ವ್ಯೂ ಮೇಲೆ ಹೋದರೇ ಹತ್ತಿರ ಎಂದೂ ಸೇರಿಸಿದರು. ಡಬ್ಬವನ್ನು ನೆಟ್ಟಗೆ ನಿಲ್ಲಿಸಿ, ರೆಡ್ಮಂಡ್ ಮೇಲೆಯೇ ಹೋದೆವು ಎಂದು ಹೇಳಿ ಒಳಗೆ ಹೋದರು.